ನಾಲ್ಕು ಡಿಎಸ್18ಬಿ20 ಇದ್ದರೂ ಫ್ಯಾನ್ ಹಿಡಿತಕ್ಕೆ ಬರುತ್ತಿಲ್ಲ: 85, -127 ಮತ್ತು ಕೈ ಸುಡುವ ಹೀಟ್‌ಸಿಂಕ್

ತಂತಿಗಂಟು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮುಚ್ಚಿದ ಲೋಹದ ಡಬ್ಬಿಯೊಳಗೆ ಒಂದು 12 ವೋಲ್ಟ್ ಎಸ್‌ಎಂಪಿಎಸ್ (ಮೇನ್ಸ್‌ನಿಂದ 12 ವೋಲ್ಟ್ ಕೊಡುವ ಪವರ್ ಸಪ್ಲೈ), ಒಂದು ಡಿಸಿ ಮೋಟರ್ ಡ್ರೈವರ್ (ಮೋಟರ್ ಓಡಿಸುವ ಬೋರ್ಡ್), ಎರಡನ್ನೂ ತಣ್ಣಗಿಡಲು ನಾಲ್ಕು ವೈರಿನ ಒಂದು ಫ್ಯಾನ್ ಇದೆ. ಡ್ರೈವರಿನ ನಾಲ್ಕು ಮಾಸ್‌ಫೆಟ್‌ಗಳೂ (ಕರೆಂಟ್ ಆನ್ ಆಫ್ ಮಾಡುವ ಟ್ರಾನ್ಸಿಸ್ಟರ್‌ಗಳು) ಒಂದೇ ಅಲ್ಯುಮಿನಿಯಂ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹ) ಮೇಲಿವೆ. ಫ್ಯಾನ್ ಓಡಿಸುವ ಕೆಲಸ ಆರ್ಡುಯಿನೊ ಯುನೊ ಅನ್ನುವ ಮೈಕ್ರೊಕಂಟ್ರೋಲರ್ ಬೋರ್ಡಿನದ್ದು.

ಬಿಸಿ ಅಳೆಯಲು ನಾಲ್ಕು ಡಿಎಸ್18ಬಿ20 ಹಾಕಿದ್ದೇನೆ. ಒಂದನ್ನು ಹೀಟ್‌ಸಿಂಕ್‌ಗೆ ಟೇಪ್‌ನಿಂದ ಅಂಟಿಸಿದ್ದೇನೆ, ಒಂದು ಎಸ್‌ಎಂಪಿಎಸ್ ಪಕ್ಕ ಇದೆ, ಒಂದು ಗಾಳಿ ಒಳಗೆ ಬರುವ ಕಡೆ, ಇನ್ನೊಂದು ಹೊರಗೆ ಹೋಗುವ ಕಡೆ. ವೈರ್ ಕಡಿಮೆ ಆಗಲಿ ಅಂತ ಪ್ಯಾರಸೈಟ್ ಪವರ್‌ನಲ್ಲಿ, ಅಂದರೆ ಸೆನ್ಸರ್ ಡೇಟಾ ಲೈನಿನಿಂದಲೇ ಪವರ್ ತೆಗೆದುಕೊಳ್ಳುವ ಹಾಗೆ ಎರಡೇ ವೈರಿನಲ್ಲಿ ಜೋಡಿಸಿದ್ದೇನೆ. ಲೈನನ್ನು 5 ವೋಲ್ಟ್ ಕಡೆಗೆ ಎಳೆದಿಡಲು 4.7 ಕಿಲೋಓಮ್ ಪುಲ್‌ಅಪ್ ರೆಸಿಸ್ಟರ್ ಇದೆ.

ಕೋಡ್ ತುಂಬಾ ಸರಳ. ಹೀಟ್‌ಸಿಂಕ್ ಸೆನ್ಸರ್ 45 ಡಿಗ್ರಿಗಿಂತ ಜಾಸ್ತಿ ತೋರಿಸಿದರೆ ಫ್ಯಾನ್ ಪೂರ್ತಿ ವೇಗ, ಕಡಿಮೆ ಇದ್ದರೆ ಆಫ್. ಉಳಿದ ಮೂರು ಸುಮ್ನೆ ಡಿಸ್ಪ್ಲೇಗೆ ಅಷ್ಟೇ.

ಈಗ ತೊಂದರೆಗಳು ಕೇಳಿ. ಮೋಟರ್ ಓಡುತ್ತಿರುವಾಗ ಆಗಾಗ 85 ಅಂತ ರೀಡಿಂಗ್ ಬರುತ್ತದೆ, ಫ್ಯಾನ್ ಭೋರ್ ಅಂತ ಎದ್ದು ಮತ್ತೆ ಸುಮ್ಮನಾಗುತ್ತದೆ. ಕೆಲವು ಸಲ -127 ಬರುತ್ತದೆ. 45ರ ಆಸುಪಾಸಿನಲ್ಲಿ ಇದ್ದಾಗಲಂತೂ ಆನ್ ಆಫ್ ಆನ್ ಆಫ್ ಅಂತ ಒಂದೇ ಸಮ ಕುಣಿಯುತ್ತದೆ. ಡಿಸ್ಪ್ಲೇ 48 ಅನ್ನುತ್ತಿರುವಾಗ ಹೀಟ್‌ಸಿಂಕ್ ಮುಟ್ಟಿದರೆ ಬೆರಳು ಇಡೋಕೇ ಆಗುವುದಿಲ್ಲ. ಇದರ ಮೇಲೆ, ರೀಡಿಂಗ್ ತೆಗೆದುಕೊಳ್ಳುವಾಗ ಲೂಪ್ ಮುಕ್ಕಾಲು ಸೆಕೆಂಡ್ ನಿಂತುಬಿಡುತ್ತದೆ, ಬಟನ್ ಒತ್ತಿದ್ದು ಗೊತ್ತೇ ಆಗುವುದಿಲ್ಲ.

ಇದನ್ನೆಲ್ಲ ಬಿಟ್ಟು ಟಿಎಂಪಿ117 ತರಹದ ನಿಖರ ಸೆನ್ಸರ್‌ಗೆ ಹೋಗಲಾ? ಅದು 0.1 ಡಿಗ್ರಿ ನಿಖರತೆ ಕೊಡುತ್ತದಂತೆ. ಅಥವಾ ಪಿಐಡಿ (ಗುರಿಗೂ ರೀಡಿಂಗಿಗೂ ಇರುವ ವ್ಯತ್ಯಾಸ ನೋಡಿ ವೇಗ ಹೊಂದಿಸುವ ಲೆಕ್ಕ) ಹಾಕಿದರೆ ಸರಿಹೋಗುತ್ತದಾ?

ಸೊನ್ನೆಒಂದು

ಟಿಎಂಪಿ117 ಬೇಡ. ನಿಮ್ಮ ತೊಂದರೆಗಳಲ್ಲಿ ಒಂದೂ ನಿಖರತೆಯದ್ದಲ್ಲ. ಡಿಎಸ್18ಬಿ20 -10ರಿಂದ 85 ಡಿಗ್ರಿವರೆಗೆ ಅರ್ಧ ಡಿಗ್ರಿ ಆಚೀಚೆ ಸರಿಯಾಗಿ ಹೇಳುತ್ತದೆ, ಫ್ಯಾನ್‌ಗೆ ಅದು ಬೇಕಾದಷ್ಟಾಯಿತು.

85 ಅನ್ನುವುದು ಪವರ್ ಬಂದ ತಕ್ಷಣ ಈ ಚಿಪ್‌ನ ಮೆಮೊರಿಯಲ್ಲಿ ಕೂತಿರುವ ಬೆಲೆ, ತಯಾರಕರ ಡೇಟಾಶೀಟ್‌ನಲ್ಲೇ ಇದೆ. ಅಳತೆ ಮುಗಿಯುವ ಮೊದಲೇ ಓದಿದರೆ, ಇಲ್ಲವೇ ಅಳೆಯುತ್ತಿರುವಾಗ ಪವರ್ ಕುಸಿದು ಚಿಪ್ ರೀಸೆಟ್ ಆದರೆ, ನಿಮಗೆ ಸಿಗುವುದು ಅದೇ 85. ನಿಮ್ಮಲ್ಲಿ ಆಗುತ್ತಿರುವುದು ಎರಡನೆಯದು. ಲೆಕ್ಕ ನೋಡಿ. ಅಳೆಯುವಾಗ ಒಂದೊಂದು ಸೆನ್ಸರ್ 1.5 ಮಿಲಿಆಂಪ್ ತನಕ ಎಳೆಯುತ್ತದೆ, ನಾಲ್ಕಕ್ಕೂ ಒಟ್ಟಿಗೆ ಅಳೆಯಲು ಹೇಳಿದರೆ 6 ಮಿಲಿಆಂಪ್. 5 ವೋಲ್ಟ್‌ನಿಂದ 4.7 ಕಿಲೋಓಮ್ ದಾಟಿ ಬರುವುದು, ಲೈನ್ ಪೂರ್ತಿ ಸೊನ್ನೆಗೆ ಇಳಿದರೂ, 1 ಮಿಲಿಆಂಪ್ ಚಿಲ್ಲರೆ. ಒಂದು ಸೆನ್ಸರಿಗೇ ಸಾಲದು! ಪ್ಯಾರಸೈಟ್ ಮೋಡ್‌ನಲ್ಲಿ ಅಳತೆ ಶುರುವಾದ 10 ಮೈಕ್ರೋಸೆಕೆಂಡ್ ಒಳಗೆ ಒಂದು ಮಾಸ್‌ಫೆಟ್‌ನಿಂದ ಲೈನನ್ನು ನೇರ ಪವರ್‌ಗೆ ಕಟ್ಟಬೇಕು ಅಂತ ಡೇಟಾಶೀಟ್ ಹೇಳುವುದು ಇದಕ್ಕೇ. ಜೊತೆಗೆ ಮಾರುಕಟ್ಟೆಯಲ್ಲಿ ನಕಲಿ ಡಿಎಸ್18ಬಿ20 ತುಂಬಾ ಇವೆ, ಅವುಗಳಲ್ಲಿ ಕೆಲವಕ್ಕೆ ಪ್ಯಾರಸೈಟ್ ಮೋಡ್ ಬರುವುದೇ ಇಲ್ಲ.

ಹಾಗಾಗಿ ಮೂರನೇ ವೈರ್ ಎಳೆಯಿರಿ. ಡಬ್ಬಿಯೊಳಗೆ ಒಂದು ವೈರ್ ಉಳಿಸಿ ಏನು ಮಾಡುತ್ತೀರಿ? ಪ್ರತಿ ಸೆನ್ಸರಿನ ಕಾಲಿನ ಹತ್ತಿರ ಪವರ್ ಮತ್ತು ಗ್ರೌಂಡ್ ನಡುವೆ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಒಂದು ಹಾಕಿ. ಡೇಟಾ ವೈರನ್ನು ಗ್ರೌಂಡ್ ವೈರಿನ ಜೊತೆ ಹೊಸೆದು ಎಳೆಯಿರಿ, ಮೋಟರ್ ವೈರಿನ ಜೊತೆ ಒಂದೇ ಕಟ್ಟಿನಲ್ಲಿ ತರಬೇಡಿ.

-127 ಬೇರೆ ಕಥೆ. ಅದು ಸೆನ್ಸರ್ ಹೇಳಿದ ಮಾತೇ ಅಲ್ಲ, ಅದರ ಮಿತಿಯೇ -55ರಿಂದ 125 ಡಿಗ್ರಿ. ಸೆನ್ಸರ್ ಸಿಗಲಿಲ್ಲ ಅಥವಾ ಬಂದ ಡೇಟಾದ ಸಿಆರ್‌ಸಿ (ಡೇಟಾ ಕೆಟ್ಟಿಲ್ಲ ಅಂತ ತಾಳೆ ನೋಡುವ ಅಂಕಿ) ಹೊಂದಲಿಲ್ಲ ಅಂತ ಹೇಳಲು ಡಲ್ಲಾಸ್‌ಟೆಂಪರೇಚರ್ ಲೈಬ್ರರಿ ಕೊಡುವ ಗುರುತು ಅದು. ಈಗ ನಿಮ್ಮ ಕೋಡ್ ಅದನ್ನು ಏನು ಮಾಡುತ್ತದೆ ಯೋಚಿಸಿ: -127 ಅನ್ನುವುದು 45ಕ್ಕಿಂತ ಕಡಿಮೆ, ಅದಕ್ಕೇ ಫ್ಯಾನ್ ಆಫ್. ಅಂದರೆ ಹೀಟ್‌ಸಿಂಕ್ ಸೆನ್ಸರಿನ ವೈರ್ ಕಿತ್ತುಬಂದರೆ ನಿಮ್ಮ ಡಬ್ಬಿ ಎಲ್ಲಕ್ಕಿಂತ ತಣ್ಣಗಿದೆ ಅಂತ ನಂಬಿ ಫ್ಯಾನ್ ನಿಲ್ಲಿಸುತ್ತದೆ. 85ರ ಭೋರ್ ಕಿವಿಗೆ ಬಿತ್ತು, ನಿಮ್ಮ ಗಮನಕ್ಕೆ ಬಂತು. ಇದು ಬಾಯಿ ಮುಚ್ಚಿಕೊಂಡು ಬೋರ್ಡ್ ಸುಡುತ್ತದೆ.

ಕೋಡ್‌ನಲ್ಲಿ ಹೀಗೆ ಮಾಡಿ. ಪ್ರತಿ ಸೆನ್ಸರಿಗೂ ಕೊನೆಯ ಸರಿಯಾದ ಬೆಲೆ, ಅದು ಬಂದ ಹೊತ್ತು, ಎರಡನ್ನೂ ಇಟ್ಟುಕೊಳ್ಳಿ. ಹೊಸ ಬೆಲೆ -127 ಆದರೆ ಬಿಸಾಕಿ. ಸರಿಯಾಗಿ 85.0 ಬಂದು, ಹಿಂದಿನ ಬೆಲೆ 50ರ ಹತ್ತಿರ ಇದ್ದರೆ ಅದನ್ನೂ ಬಿಸಾಕಿ, ಅಷ್ಟು ದಪ್ಪ ಹೀಟ್‌ಸಿಂಕ್ ಒಂದು ಸೆಕೆಂಡಿನಲ್ಲಿ 35 ಡಿಗ್ರಿ ಏರುವುದಿಲ್ಲ. ಆದರೆ ನಿಜವಾಗಿ 83, 84, 85 ಅಂತ ಏರಿ ಬಂದರೆ ಬಿಸಾಕಬಾರದು ಅಲ್ವಾ, ಅದಕ್ಕೇ ಹಿಂದಿನ ಬೆಲೆಯ ಜೊತೆ ಹೋಲಿಸಬೇಕು. ಕೊನೆಯ ಸರಿಯಾದ ಬೆಲೆ 5 ಸೆಕೆಂಡಿಗಿಂತ ಹಳೆಯದಾದರೆ ಆ ಸೆನ್ಸರ್ ಸತ್ತಿದೆ ಅಂತಲೇ ಲೆಕ್ಕ. ಫ್ಯಾನ್ ಪೂರ್ತಿ ವೇಗ, ಡಿಸ್ಪ್ಲೇಯಲ್ಲಿ ಎಚ್ಚರಿಕೆ.

ಲೂಪ್ ನಿಲ್ಲುವುದು ಸುಲಭದ ಕೆಲಸ. 12 ಬಿಟ್‌ನಲ್ಲಿ ಅಳೆಯಲು 750 ಮಿಲಿಸೆಕೆಂಡ್ ತನಕ ಬೇಕು. 10 ಬಿಟ್‌ಗೆ ಇಳಿಸಿದರೆ 187.5 ಸಾಕು, ಹೆಜ್ಜೆ 0.25 ಡಿಗ್ರಿ, ಫ್ಯಾನ್‌ಗೆ ಧಾರಾಳ. ಅದಕ್ಕಿಂತ ಮುಖ್ಯವಾಗಿ ಲೈಬ್ರರಿಯಲ್ಲಿ ಸೆಟ್‌ವೇಟ್‌ಫಾರ್‌ಕನ್ವರ್ಷನ್ ಅನ್ನು ಫಾಲ್ಸ್ ಮಾಡಿ. ಆಗ ಅಳೆಯಲು ಹೇಳಿ ಬೇರೆ ಕೆಲಸಕ್ಕೆ ಹೋಗಬಹುದು, ಮಿಲಿಸ್ (ಆರ್ಡುಯಿನೊ ಎಣಿಸುವ ಮಿಲಿಸೆಕೆಂಡ್) ನೋಡಿಕೊಂಡು ಹೊತ್ತಾದ ಮೇಲೆ ಬಂದು ಓದಿದರಾಯಿತು. ನಾಲ್ಕಕ್ಕೂ ಒಂದೇ ಆದೇಶದಲ್ಲಿ ಅಳತೆ ಶುರುವಾಗುತ್ತದೆ, ಆದ್ದರಿಂದ ನಾಲ್ಕು ಪಟ್ಟು ಕಾಯುವುದೂ ಇಲ್ಲ. ಓದುವುದಕ್ಕೆ ಮಾತ್ರ ಒಂದೊಂದಕ್ಕೆ ಸುಮಾರು 11 ಮಿಲಿಸೆಕೆಂಡ್ ಹೋಗುತ್ತದೆ (ವಿಳಾಸದ 64 ಬಿಟ್, ಡೇಟಾ 72 ಬಿಟ್, ಎರಡು ಆದೇಶ, ಬಿಟ್‌ಗೆ 65 ಮೈಕ್ರೋಸೆಕೆಂಡ್ ಆಸುಪಾಸು, ಮೇಲೊಂದು ರೀಸೆಟ್). ಬೇಕಾದರೆ ಒಂದು ಸುತ್ತಿಗೆ ಒಂದೇ ಸೆನ್ಸರ್ ಓದಿ. ಬಿಟ್ ಬದಲಿಸುವ ಆದೇಶವನ್ನು ಸೆಟಪ್‌ನಲ್ಲಿ ಒಂದು ಸಲ ಕೊಟ್ಟರೆ ಸಾಕು, ಲೂಪ್‌ನಲ್ಲಿ ಹಾಕಬೇಡಿ. ಲೈಬ್ರರಿ ಅದನ್ನು ಸೆನ್ಸರಿನ ಇಇಪ್ರಾಮ್‌ಗೂ (ಪವರ್ ಹೋದರೂ ಅಳಿಯದ ಮೆಮೊರಿ) ಬರೆಯುತ್ತದೆ, ಅದಕ್ಕೆ ಬರೆಯುವ ಸಲಗಳ ಮಿತಿ ಇದೆ.

ಇನ್ನೊಂದು. ಸೆನ್ಸರನ್ನು 0, 1, 2, 3 ಅನ್ನುವ ಕ್ರಮಸಂಖ್ಯೆಯಿಂದ ಓದುತ್ತಿದ್ದೀರಾ? ಆ ಕ್ರಮ ಬರುವುದು ಚಿಪ್‌ನೊಳಗಿನ 64 ಬಿಟ್ ವಿಳಾಸದಿಂದ, ನೀವು ಜೋಡಿಸಿದ ಸಾಲಿನಿಂದಲ್ಲ. ನಾಳೆ ಒಂದು ಸೆನ್ಸರ್ ಬದಲಿಸಿದರೆ ಹೀಟ್‌ಸಿಂಕ್ ಸೆನ್ಸರ್ 0 ಇದ್ದದ್ದು 2 ಆಗಬಹುದು, ನೀವು ಒಳಬರುವ ಗಾಳಿಯ ಬಿಸಿ ನೋಡಿ ಫ್ಯಾನ್ ಓಡಿಸುತ್ತಾ ಕೂರುತ್ತೀರಿ. ನಾಲ್ಕೂ ವಿಳಾಸ ಬರೆದಿಟ್ಟುಕೊಂಡು ವಿಳಾಸದಿಂದಲೇ ಓದಿ.

ಹೊಗೆಬಂತು

ಮೇಲಿನವರು ವೈರಿನ ಕಡೆ ಹೇಳಿದ್ದಾರೆ, ನಾನು ಬಿಸಿಯ ಕಡೆ ಹೇಳುತ್ತೇನೆ. 48 ತೋರಿಸುವಾಗ ಬೆರಳು ಸುಟ್ಟರೆ ಸೆನ್ಸರ್ ಕೆಟ್ಟಿಲ್ಲ. ಅದು ಅಳೆಯುತ್ತಿರುವುದು ಹೀಟ್‌ಸಿಂಕನ್ನಲ್ಲ, ಅಷ್ಟೇ.

ಟ್ರಾನ್ಸಿಸ್ಟರ್ ಆಕಾರದ ಈ ಟಿಒ-92 ಪ್ಯಾಕೇಜಿನಲ್ಲಿ ಚಿಪ್ ಸುತ್ತ ಪ್ಲಾಸ್ಟಿಕ್ ಇದೆ, ಆದರೆ ಅದರ ಲೋಹದ ಕಾಲುಗಳು ನೇರ ಚಿಪ್ ತನಕ ಹೋಗುತ್ತವೆ. ಬಿಸಿಗೆ ಒಳ್ಳೆ ದಾರಿ ಪ್ಲಾಸ್ಟಿಕ್ ಅಲ್ಲ, ಕಾಲುಗಳು. ನಿಮ್ಮ ಸೆನ್ಸರಿನ ಕಾಲುಗಳು ಫ್ಯಾನಿನ ಗಾಳಿಯಲ್ಲಿ ತೂಗುತ್ತಿರುತ್ತವೆ, ವೈರಿನ ತಾಮ್ರ ಬಿಸಿಯನ್ನು ಎಳೆದುಕೊಂಡು ಹೋಗುತ್ತಿರುತ್ತದೆ, ಈ ಕಡೆ ಮೈ ಟೇಪ್ ಕೆಳಗೆ ಹೀಟ್‌ಸಿಂಕ್‌ಗೆ ಅರ್ಧಂಬರ್ಧ ತಾಗಿದೆ. ಬರುವ ರೀಡಿಂಗ್ ಗಾಳಿಗೂ ಲೋಹಕ್ಕೂ ನಡುವಿನ ಯಾವುದೋ ಒಂದು ಅಂಕಿ. ಮಜಾ ಏನೆಂದರೆ ಫ್ಯಾನ್ ಜೋರಾದಷ್ಟೂ ಸೆನ್ಸರ್ ಬೇಗ ತಣ್ಣಗಾಗುತ್ತದೆ, ಹೀಟ್‌ಸಿಂಕ್ ಇನ್ನೂ ಹಾಗೇ ಇರುತ್ತದೆ. ನಿಮ್ಮ ಫ್ಯಾನ್ ಕುಣಿಯುವುದರಲ್ಲಿ ಇದರ ಪಾಲೂ ಇದೆ.

ಹೀಟ್‌ಸಿಂಕ್‌ನಲ್ಲಿ ಮಾಸ್‌ಫೆಟ್‌ಗಳ ನಡುವೆ, ಆದಷ್ಟು ಹತ್ತಿರ, ಸೆನ್ಸರ್ ಮೈ ಹಿಡಿಸುವಷ್ಟು ಒಂದು ತೂತು ಕೊರೆಯಿರಿ. ಥರ್ಮಲ್ ಎಪಾಕ್ಸಿ ಹಾಕಿ ಒಳಗೆ ಕೂರಿಸಿ. ತೂತು ಬೇಡ ಅಂದರೆ ಚಪ್ಪಟೆ ಮುಖವನ್ನು ಲೋಹಕ್ಕೆ ತಾಗಿಸಿ, ಎಪಾಕ್ಸಿ ಹಾಕಿ, ಮೇಲೊಂದು ಕ್ಲಿಪ್ ಒತ್ತಿ. ಕಾಲುಗಳಿಗೆ ಸ್ಲೀವ್ ಹಾಕಿ ಮೊದಲ ಒಂದೆರಡು ಸೆಂಟಿಮೀಟರ್ ವೈರನ್ನೂ ಹೀಟ್‌ಸಿಂಕ್ ಮೇಲೆಯೇ ಅಂಟಿಸಿ, ಆಗ ವೈರ್ ಕೂಡ ಬಿಸಿಯಾಗಿ ಸೆನ್ಸರಿನಿಂದ ಬಿಸಿ ಎಳೆಯುವುದು ಕಡಿಮೆಯಾಗುತ್ತದೆ. ನೀರಿಗೆ ಇಳಿಬಿಡುವ ಸ್ಟೀಲ್ ಕೊಳವೆಯ ಪ್ರೋಬ್ ಇದೆಯಲ್ಲ, ಅದು ಇಲ್ಲಿ ಬೇಡ. ದುಂಡಗಿನ ಕೊಳವೆ ಚಪ್ಪಟೆ ಲೋಹಕ್ಕೆ ಒಂದು ಗೆರೆಯಷ್ಟೇ ತಾಗುತ್ತದೆ, ಜೊತೆಗೆ ತುಂಬಾ ನಿಧಾನ.

ನನ್ನನ್ನು ಕೇಳಿದರೆ ಹೀಟ್‌ಸಿಂಕ್ ಒಂದಕ್ಕೆ ಮಾತ್ರ ರಿಂಗ್ ಟರ್ಮಿನಲ್ ಇರುವ 10 ಕಿಲೋಓಮ್ ಎನ್‌ಟಿಸಿ (ಬಿಸಿಯಾದಂತೆ ರೆಸಿಸ್ಟೆನ್ಸ್ ಇಳಿಯುವ ಸೆನ್ಸರ್) ಹಾಕಿ ಸ್ಕ್ರೂ ಬಿಗಿಯುತ್ತೇನೆ. ಲೋಹಕ್ಕೆ ಲೋಹ ತಾಗುತ್ತದೆ, ಬೇಗ ಪ್ರತಿಕ್ರಿಯೆ ಬರುತ್ತದೆ. ಅನಲಾಗ್ ಅಂತ ಮೂಗು ಮುರಿಯಬೇಡಿ. ಆದರೆ ಅದಕ್ಕೂ ಅದೇ ಕಾಯಿಲೆ ಇದೆ: ಎನ್‌ಟಿಸಿ ವೈರ್ ತುಂಡಾದರೆ ರೆಸಿಸ್ಟೆನ್ಸ್ ಅನಂತ, ಲೆಕ್ಕದಲ್ಲಿ ಅದು ಹಿಮಗಟ್ಟುವ ಚಳಿ. ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಓದುವ ಭಾಗ) ಬೆಲೆ ಎರಡು ತುದಿಗಳಲ್ಲಿ ಯಾವುದಕ್ಕೆ ಅಂಟಿಕೊಂಡರೂ ದೋಷ ಅಂತಲೇ ಹಿಡಿಯಬೇಕು.

ಇನ್ನು ಹೀಟ್‌ಸಿಂಕ್ ಬಿಸಿ ಗೊತ್ತಾದರೂ ಮಾಸ್‌ಫೆಟ್ ಒಳಗಿನ ಬಿಸಿ ಗೊತ್ತಾದಂತೆ ಆಗಲಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ಒಂದು ಮಾಸ್‌ಫೆಟ್‌ನಲ್ಲಿ 8 ವಾಟ್ ವ್ಯರ್ಥ ಆಗುತ್ತಿದೆ ಅನ್ನಿ. ಚಿಪ್‌ನಿಂದ ಅದರ ಬೆನ್ನಿನ ತನಕ ವಾಟ್‌ಗೆ 1.5 ಡಿಗ್ರಿ, ನಡುವಿನ ಇನ್ಸುಲೇಷನ್ ಪ್ಯಾಡ್‌ನಲ್ಲಿ ಇನ್ನೊಂದು ಡಿಗ್ರಿ. ಹೀಟ್‌ಸಿಂಕ್ 60 ಇದ್ದರೆ ಚಿಪ್ 60ಕ್ಕೆ 8 ಗುಣಿಸು 2.5 ಸೇರಿಸಿ 80. ಲೋಡ್ 20 ವಾಟ್‌ಗೆ ಏರಿದರೆ, ಹೀಟ್‌ಸಿಂಕ್ ಇನ್ನೂ 60ರಲ್ಲೇ ಇದ್ದರೂ, ಚಿಪ್ 110. ನಿಮ್ಮ ಮಾಸ್‌ಫೆಟ್‌ನ ಡೇಟಾಶೀಟ್ ನೋಡಿ ಈ ಅಂಕಿಗಳನ್ನು ಬದಲಿಸಿಕೊಳ್ಳಿ. ಮೋಟರ್ ಜಾಮ್ ಆದಾಗ ಚಿಪ್ ಸುಡುವುದಕ್ಕೆ ಸೆಕೆಂಡೂ ಬೇಡ, ಹೀಟ್‌ಸಿಂಕ್ ಬಿಸಿಯಾಗುವುದಕ್ಕೆ ನಿಮಿಷ ಬೇಕು. ಅಂಥದ್ದನ್ನು ಯಾವ ಬಿಸಿಯ ಸೆನ್ಸರೂ ಹಿಡಿಯುವುದಿಲ್ಲ. ಅದಕ್ಕೆ ಕರೆಂಟ್ ಅಳೆದು ಮಿತಿ ಹಾಕುವುದೇ ದಾರಿ.

ಒಂದು ಎಚ್ಚರಿಕೆ. ಎಸ್‌ಎಂಪಿಎಸ್ ಒಳಗೆ ಕೈ ಹಾಕಿ ಅದರ ಹೀಟ್‌ಸಿಂಕ್‌ಗೆ ಸೆನ್ಸರ್ ಅಂಟಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಪ್ರೈಮರಿ (ಮೇನ್ಸ್ ಬರುವ) ಕಡೆಯ ಹೀಟ್‌ಸಿಂಕ್‌ನಲ್ಲಿ ಮೇನ್ಸ್ ವೋಲ್ಟೇಜ್ ಇರಬಹುದು. ನಿಮ್ಮ ಸೆನ್ಸರ್ ವೈರ್ ಅಲ್ಲಿಂದ ನೇರ ಆರ್ಡುಯಿನೊಗೆ, ಅಲ್ಲಿಂದ ಯುಎಸ್‌ಬಿ ಮೂಲಕ ನಿಮ್ಮ ಕಂಪ್ಯೂಟರಿಗೆ. ಹೊರಗಿನ ಲೋಹದ ಕವಚದ ಮೇಲೆ ಅಂಟಿಸಿದರೆ ಸಾಕು.

ಮೌನಫ್ಯಾನ್

ಪಿಐಡಿ ಬೇಡ. ಕನಿಷ್ಠ ಈಗ ಬೇಡ. ಸೆನ್ಸರ್ ತಪ್ಪು ಜಾಗದಲ್ಲಿದ್ದರೆ ಪಿಐಡಿ ಆ ತಪ್ಪನ್ನೇ ಶ್ರದ್ಧೆಯಿಂದ ಹಿಂಬಾಲಿಸುತ್ತದೆ.

ಫ್ಯಾನ್ ಕುಣಿಯುವುದಕ್ಕೆ ಸರಳ ಮದ್ದು: ಆನ್ ಮತ್ತು ಆಫ್‌ಗೆ ಒಂದೇ ಗೆರೆ ಇಡಬೇಡಿ. 48ಕ್ಕೆ ಆನ್, 42ಕ್ಕೆ ಆಫ್ ಅಂತ ನಡುವೆ ಅಂತರ ಬಿಡಿ. ಆದರೆ ನಿಮ್ಮದು ನಾಲ್ಕು ವೈರಿನ ಫ್ಯಾನ್, ಅದನ್ನು ಬರೀ ಆನ್ ಆಫ್ ಮಾಡುವುದು ದಂಡ. 40 ಡಿಗ್ರಿಗೆ 30 ಶೇಕಡ, 65 ಡಿಗ್ರಿಗೆ 100 ಶೇಕಡ, ನಡುವೆ ನೇರ ಗೆರೆ. ಜೊತೆಗೆ ಏರುವಾಗ ತಕ್ಷಣ ಏರಲಿ, ಇಳಿಯುವಾಗ ಮಾತ್ರ ಎರಡು ಸೆಕೆಂಡಿಗೆ ಒಂದು ಶೇಕಡದಂತೆ ನಿಧಾನ ಇಳಿಯಲಿ. ಈ ಏರುಪೇರಿನ ನಿಯಮ ಒಂದೇ ಅರ್ಧ ತಲೆನೋವು ಕಳೆಯುತ್ತದೆ, ಕಿವಿಗೂ ಹಿತ. ಕಿವಿಗೆ ಚುಚ್ಚುವುದು ವೇಗ ಅಲ್ಲ, ವೇಗ ಪದೇಪದೇ ಬದಲಾಗುವುದು.

ಅನಲಾಗ್‌ರೈಟ್‌ನಿಂದ (ಪಿನ್ ಅನ್ನು ಬೇಗಬೇಗ ಆನ್ ಆಫ್ ಮಾಡುವ ಆದೇಶ) ಫ್ಯಾನ್ ಓಡಿಸುತ್ತಿದ್ದರೆ ಅದನ್ನೂ ಬದಲಿಸಿ. ಯುನೊದಲ್ಲಿ ಅದರ ಆವರ್ತನ 490 ಹರ್ಟ್ಸ್ (5 ಮತ್ತು 6ನೇ ಪಿನ್‌ನಲ್ಲಿ 980ರ ಹತ್ತಿರ). ನಾಲ್ಕು ವೈರಿನ ಫ್ಯಾನ್‌ಗೆ ಬೇಕಾದದ್ದು 25 ಕಿಲೋಹರ್ಟ್ಸ್, 21ರಿಂದ 28ರ ಒಳಗೆ. ಯುನೊ ಚಿಪ್‌ನೊಳಗಿನ ಟೈಮರ್1 ಅನ್ನು ಫೇಸ್ ಕರೆಕ್ಟ್ ಮೋಡ್‌ಗೆ ಹಾಕಿ, ಅದರ ಐಸಿಆರ್1 ರಿಜಿಸ್ಟರಿಗೆ 320 ಕೊಡಿ. 16 ಮೆಗಾಹರ್ಟ್ಸ್ ಅನ್ನು 640ರಿಂದ ಭಾಗಿಸಿದರೆ ಸರಿಯಾಗಿ 25 ಕಿಲೋಹರ್ಟ್ಸ್, 9 ಅಥವಾ 10ನೇ ಪಿನ್‌ನಲ್ಲಿ ಬರುತ್ತದೆ. ಸರ್ವೊ ಲೈಬ್ರರಿಯೂ ಇದೇ ಟೈಮರ್ ಬಳಸುತ್ತದೆ, ಎರಡೂ ಒಟ್ಟಿಗೆ ನಡೆಯುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಇಷ್ಟದ ವಿಷಯ. ಈ ಫ್ಯಾನ್‌ಗಳ ಪಿಡಬ್ಲ್ಯುಎಂ ವೈರನ್ನು (ಆನ್ ಆಫ್ ಪಲ್ಸ್‌ನಿಂದ ವೇಗ ಹೇಳುವ ವೈರ್) ಯಾವುದಕ್ಕೂ ಜೋಡಿಸದೆ ಹಾಗೇ ಬಿಟ್ಟರೆ ಅವು ಪೂರ್ತಿ ವೇಗದಲ್ಲಿ ತಿರುಗುತ್ತವೆ, ಒಳಗೇ ಪುಲ್‌ಅಪ್ ಇದೆ. ಇದನ್ನು ಬಳಸಿಕೊಳ್ಳಿ. ಪಿನ್‌ನಿಂದ ನೇರ ಕೊಡುವ ಬದಲು ನಡುವೆ ಒಂದು ಚಿಕ್ಕ ಎನ್‌ಪಿಎನ್ ಟ್ರಾನ್ಸಿಸ್ಟರ್ ಹಾಕಿ. ಎಮಿಟರ್ ಗ್ರೌಂಡ್‌ಗೆ, ಕಲೆಕ್ಟರ್ ಫ್ಯಾನಿನ ಪಿಡಬ್ಲ್ಯುಎಂ ವೈರಿಗೆ, ಬೇಸ್‌ಗೆ ಪಿನ್‌ನಿಂದ ಒಂದು ರೆಸಿಸ್ಟರ್, ಬೇಸ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್. ಆರ್ಡುಯಿನೊ ರೀಸೆಟ್‌ನಲ್ಲಿದ್ದರೆ, ಪವರ್ ಹೋದರೆ, ಪಿನ್ ವೈರ್ ಕಿತ್ತರೆ, ಟ್ರಾನ್ಸಿಸ್ಟರ್ ಆಫ್ ಆಗಿ ಫ್ಯಾನ್ ಪೂರ್ತಿ ಓಡುತ್ತದೆ. ಡ್ಯೂಟಿ (ಪಲ್ಸ್ ಆನ್ ಇರುವ ಪಾಲು) ತಲೆಕೆಳಗಾಗುತ್ತದೆ ಅನ್ನುವುದು ಮಾತ್ರ ನೆನಪಿರಲಿ.

ಇಷ್ಟಾದರೂ ಒಂದು ಕಂಡಿ ಉಳಿಯುತ್ತದೆ. ಕೋಡ್ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಟೈಮರ್ ನಿಲ್ಲುವುದಿಲ್ಲ. ಅದು ಹಾರ್ಡ್‌ವೇರ್, ಕೊನೆಯಲ್ಲಿ ಕೊಟ್ಟ 30 ಶೇಕಡವನ್ನೇ ಕೊಡುತ್ತಾ ಇರುತ್ತದೆ, ಹೊರಗಿನಿಂದ ನೋಡಿದರೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಆದ್ದರಿಂದ ವಾಚ್‌ಡಾಗ್ (ಕೋಡ್ ಹೊತ್ತಿಗೆ ತಟ್ಟದಿದ್ದರೆ ಚಿಪ್ ರೀಸೆಟ್ ಮಾಡುವ ಟೈಮರ್) ಹಾಕಿ, 2 ಸೆಕೆಂಡ್ ಸಾಕು. ಅದನ್ನು ತಟ್ಟುವ ಸಾಲನ್ನು ಲೂಪ್‌ನಲ್ಲಿ ಸಿಕ್ಕಸಿಕ್ಕಲ್ಲಿ ಹಾಕದೆ, ಹೊಸ ರೀಡಿಂಗ್ ಬಂದು ಫ್ಯಾನ್ ಬೆಲೆ ಲೆಕ್ಕ ಆದ ಮೇಲೆ ಒಂದೇ ಕಡೆ ಹಾಕಿ. ಹಳೆ ಬೂಟ್‌ಲೋಡರ್ ಇರುವ ಕೆಲವು ನ್ಯಾನೊ ಬೋರ್ಡ್‌ಗಳು ವಾಚ್‌ಡಾಗ್ ರೀಸೆಟ್ ಆದ ಮೇಲೆ ಅಲ್ಲೇ ಗಿರಕಿ ಹೊಡೆಯುತ್ತವೆ, ಯುನೊದಲ್ಲಿ ಆ ಕಾಟ ಇಲ್ಲ.

ಫ್ಯಾನ್ ಎಷ್ಟು ತಿರುಗುತ್ತಿದೆ ಅಂತ ಹೇಳುವ ಟ್ಯಾಕೊ ವೈರನ್ನೂ ಓದಿ. ಒಂದು ಸುತ್ತಿಗೆ ಎರಡು ಪಲ್ಸ್, 1500 ಆರ್‌ಪಿಎಂ ಅಂದರೆ 50 ಹರ್ಟ್ಸ್. ಓಪನ್ ಕಲೆಕ್ಟರ್ (ಲೈನನ್ನು ಕೆಳಗೆ ಮಾತ್ರ ಎಳೆಯಬಲ್ಲದ್ದು) ಆದ್ದರಿಂದ 5 ವೋಲ್ಟ್‌ಗೆ ಪುಲ್‌ಅಪ್ ಬೇಕು. ಪೂರ್ತಿ ಡ್ಯೂಟಿ ಕೊಟ್ಟರೂ ಪಲ್ಸ್ ಬರದಿದ್ದರೆ ಫ್ಯಾನ್ ಜಾಮ್ ಆಗಿದೆ, ಮೋಟರ್ ನಿಲ್ಲಿಸಿ.

ಬೆಸುಗೆಕಡ್ಡಿ

ಎಲ್ಲ ಸರಿ, ಆದರೆ ಇಷ್ಟೂ ಕೋಡ್ ಮೇಲೇ ನಿಂತಿದೆ. ಫ್ಯಾನ್ ತಣ್ಣಗಿಡುತ್ತದೆ, ಕಾಪಾಡುವುದಿಲ್ಲ. ಕಾಪಾಡುವ ಕೆಲಸ ಲೋಡ್ ಕತ್ತರಿಸುವವರದ್ದು, ಅವರಿಗೆ ಪ್ರೋಗ್ರಾಮ್ ಇರಬಾರದು. ಹೀಟ್‌ಸಿಂಕ್‌ಗೆ ಒಂದು ಬೈಮೆಟಲ್ ಥರ್ಮಲ್ ಸ್ವಿಚ್ ಸ್ಕ್ರೂ ಮಾಡಿ, ಬಿಸಿಯಾದರೆ ತೆರೆದುಕೊಳ್ಳುವ ಬಗೆಯದು, ಅದನ್ನು ಡ್ರೈವರಿನ ಎನೇಬಲ್ (ಡ್ರೈವರ್ ಆನ್ ಮಾಡುವ) ಸಾಲಿನಲ್ಲಿ ಹಾಕಿ. ಸ್ವಿಚ್ ತೆರೆದಾಗ ಎನೇಬಲ್ ಕೆಳಗೆ ಎಳೆಯಲು ಒಂದು ರೆಸಿಸ್ಟರ್ ಇರಲಿ, ಇಲ್ಲದಿದ್ದರೆ ಸಾಲು ಗಾಳಿಯಲ್ಲಿ ತೇಲುತ್ತದೆ.

ಅಥವಾ ಚಿಪ್‌ನಲ್ಲೇ ಬೇಕು ಅಂದರೆ ಎಲ್‌ಎಂ75 ಅನ್ನುವ ಬಿಸಿಯ ಸೆನ್ಸರ್ ನೋಡಿ. ಹಳೇ ಚಿಪ್, ಅರ್ಧ ಡಿಗ್ರಿ ಹೆಜ್ಜೆ, ನಿಖರತೆಯೂ ಸಾಧಾರಣ. ಆದರೆ ಅದರ ಓಎಸ್ ಪಿನ್ (ಮಿತಿ ದಾಟಿದ್ದನ್ನು ಹೇಳುವ ಪಿನ್) ಇದೆಯಲ್ಲ, ಪವರ್ ಕೊಟ್ಟ ಕೂಡಲೇ 80 ಡಿಗ್ರಿ ದಾಟಿದರೆ ಕೆಳಗೆ ಎಳೆಯುತ್ತದೆ, 75ಕ್ಕೆ ಇಳಿದ ಮೇಲೆ ಬಿಡುತ್ತದೆ. ಯಾವ ಕೋಡೂ ಬೇಡ, ಮೈಕ್ರೊಕಂಟ್ರೋಲರ್ ಸತ್ತಿದ್ದರೂ ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ. ಡಿಎಸ್18ಬಿ20ನಲ್ಲೂ ಅಲಾರಂ ಮಿತಿಗಳಿವೆ, ಆದರೆ ಪಿನ್ ಇಲ್ಲ, ನೀವೇ ಹೋಗಿ ಕೇಳಬೇಕು. ಕೇಳುವವನೇ ಸತ್ತಿದ್ದರೆ?

ತಂತಿಗಂಟು

ಎಲ್ಲರಿಗೂ ತುಂಬಾ ಧನ್ಯವಾದ. ಮೂರನೇ ವೈರ್ ಎಳೆದೆ, 85 ಪೂರ್ತಿ ನಿಂತಿತು. -127 ಆಗಾಗ ಬರುತ್ತಿತ್ತು, ಸೆನ್ಸರ್ ವೈರನ್ನು ಮೋಟರ್ ಕಟ್ಟಿನಿಂದ ಬೇರೆ ಮಾಡಿದ ಮೇಲೆ ಅಪರೂಪ ಆಗಿದೆ, ಬಂದರೂ ಕೋಡ್ ಬಿಸಾಕುತ್ತದೆ. ಹೀಟ್‌ಸಿಂಕ್ ಸೆನ್ಸರನ್ನು ತೂತಿನೊಳಗೆ ಕೂರಿಸಿದ್ದೇ ತಡ, 48 ಅನ್ನುತ್ತಿದ್ದ ಜಾಗ 63 ಆಯಿತು! ಆ ಅಂಕಿ ನೋಡಿ ಭಯವಾಯಿತು, ಆದರೆ ಬೆರಳಿನ ಮಾತೂ ಅದೇ ಆಗಿತ್ತು.

ಎರಡು ಪ್ರಶ್ನೆ ಉಳಿದಿವೆ. ಎಲ್‌ಎಂ75 ಅನ್ನು ಹೀಟ್‌ಸಿಂಕ್ ಹತ್ತಿರ ಇಡಬೇಕೆಂದರೆ ಆರ್ಡುಯಿನೊದಿಂದ ಒಂದು ಮೀಟರ್‌ಗಿಂತ ಜಾಸ್ತಿ ವೈರ್ ಆಗುತ್ತದೆ. ಅದು ಮಾತಾಡುವ ಐ2ಸಿ (ಡೇಟಾ, ಕ್ಲಾಕ್ ಎರಡು ಲೈನಿನ ಸಂಪರ್ಕ) ಅಷ್ಟು ದೂರ ನಡೆಯುತ್ತದಾ? ಇನ್ನು ಒಳಬರುವ, ಹೊರಹೋಗುವ ಗಾಳಿಯ ಸೆನ್ಸರ್‌ಗಳನ್ನು ಇಟ್ಟುಕೊಳ್ಳಲಾ, ತೆಗೆಯಲಾ? ಅವುಗಳಿಂದ ಈಗ ಏನೂ ಉಪಯೋಗ ಕಾಣುತ್ತಿಲ್ಲ.

ಸೊನ್ನೆಒಂದು

ಐ2ಸಿ ಬೋರ್ಡ್ ಮೇಲೆ ಓಡಾಡಲು ಮಾಡಿದ್ದು. ಲೈನಿನ ಕೆಪಾಸಿಟೆನ್ಸ್ 400 ಪಿಕೊಫ್ಯಾರಡ್ ಮೀರಬಾರದು ಅನ್ನುವ ಮಿತಿ ಇದೆ. ಒಂದು ಮೀಟರ್ ಮಾಮೂಲಿ ಕೇಬಲ್ ಆ ಮಿತಿಯೊಳಗೇ ಇರುತ್ತದೆ, ನಿಮಗೆ ಕಾಟ ಕೊಡುವುದು ಮೋಟರಿನ ಗದ್ದಲ. ಒಂದು ಸುಳ್ಳು ಕ್ಲಾಕ್ ಪಲ್ಸ್ ಬಿದ್ದರೆ ಸೆನ್ಸರ್ ಡೇಟಾ ಲೈನನ್ನು ಕೆಳಗೆ ಹಿಡಿದುಕೊಂಡು ಕೂರಬಹುದು. ಆಗ ಒಂಬತ್ತು ಕ್ಲಾಕ್ ಕೊಟ್ಟು ಬಿಡಿಸಿಕೊಳ್ಳಬೇಕು, ಐ2ಸಿಗೆ ಬಳಸುವ Wire ಲೈಬ್ರರಿಯಲ್ಲಿ ಟೈಮ್‌ಔಟ್ ಹಾಕದಿದ್ದರೆ ಕೋಡ್ ಅಲ್ಲೇ ಕಾಯುತ್ತಾ ನಿಲ್ಲುತ್ತದೆ. ನೀವು ಡೇಟಾ, ಕ್ಲಾಕ್ ಎಳೆಯಲೇ ಬೇಡಿ. ಬೆಸುಗೆಕಡ್ಡಿಯವರು ಹೇಳಿದ 80/75 ನಿಮಗೆ ಒಪ್ಪಿಗೆಯಾದರೆ ಎಲ್‌ಎಂ75ಗೆ ಪವರ್, ಗ್ರೌಂಡ್ ಮತ್ತು ಓಎಸ್ ಮಾತ್ರ ಸಾಕು, ಡೇಟಾ ಮತ್ತು ಕ್ಲಾಕ್ ಕಾಲುಗಳನ್ನು ಅಲ್ಲೇ ರೆಸಿಸ್ಟರ್ ಮೂಲಕ ಪವರ್‌ಗೆ ಕಟ್ಟಿ. ಓಎಸ್ ಓಪನ್ ಡ್ರೇನ್ (ಟ್ಯಾಕೊ ಹಾಗೆ ಕೆಳಗೆ ಮಾತ್ರ ಎಳೆಯುತ್ತದೆ), ಅದಕ್ಕೂ ಪುಲ್‌ಅಪ್ ಬೇಕು. ಹಾಗೇ ವೈರ್ ತುಂಡಾದರೆ ಓಎಸ್ ಯಾವಾಗಲೂ ಮೇಲೇ ಇರುತ್ತದೆ, ಎಲ್ಲ ತಣ್ಣಗಿದೆ ಅನ್ನುತ್ತದೆ. ಆ ಒಂದು ಕಾರಣಕ್ಕೆ ನನ್ನ ವೋಟ್ ಬೈಮೆಟಲ್‌ಗೆ, ಅದರ ವೈರ್ ತುಂಡಾದರೆ ಮೋಟರ್ ನಿಲ್ಲುತ್ತದೆ.

ಹೊಗೆಬಂತು

ಗಾಳಿಯ ಸೆನ್ಸರ್ ತೆಗೆಯಬೇಡಿ! ಹೀಟ್‌ಸಿಂಕ್ ಬಿಸಿಯಿಂದ ಒಳಬರುವ ಗಾಳಿಯ ಬಿಸಿ ಕಳೆಯಿರಿ, ಆ ವ್ಯತ್ಯಾಸವೇ ನಿಮ್ಮ ಡಬ್ಬಿಯ ಆರೋಗ್ಯ. ಹೊರಗೆ ಸೆಖೆ ಇರಲಿ ಚಳಿ ಇರಲಿ, ಅದೇ ಲೋಡ್, ಅದೇ ಆರ್‌ಪಿಎಂ ಇದ್ದರೆ ವ್ಯತ್ಯಾಸ ಹೆಚ್ಚುಕಡಿಮೆ ಅಷ್ಟೇ ಇರಬೇಕು. ದಿನ ಕಳೆದ ಹಾಗೆ ಅದು ಏರುತ್ತಾ ಹೋದರೆ ಫಿಲ್ಟರಿಗೆ ಧೂಳು ಕೂತಿದೆ, ಇಲ್ಲವೇ ಥರ್ಮಲ್ ಪೇಸ್ಟ್ ಒಣಗಿದೆ ಅಂತ ಲೆಕ್ಕ. ಬೋರ್ಡ್ ಕೈಕೊಡುವ ಮೊದಲೇ ಗೊತ್ತಾಗುತ್ತದೆ.

ಆದರೆ ಎರಡು ಸೆನ್ಸರ್‌ಗಳ ತಪ್ಪು ಸೇರಿದರೆ ಒಂದು ಡಿಗ್ರಿ ತನಕ ಹೋಗಬಹುದು. ಹೀಟ್‌ಸಿಂಕ್‌ದಂತೂ ಈಗ ಎಪಾಕ್ಸಿಯಲ್ಲಿ ಕೂತಿದೆ. ಹಾಗಾಗಿ ಎಲ್ಲ ಆಫ್ ಮಾಡಿ ಒಂದು ರಾತ್ರಿ ಹಾಗೇ ಬಿಡಿ, ಬೆಳಿಗ್ಗೆ ಆರ್ಡುಯಿನೊ ಮಾತ್ರ ಯುಎಸ್‌ಬಿಯಿಂದ ಆನ್ ಮಾಡಿ ಮೊದಲ ರೀಡಿಂಗ್ ಬರೆದುಕೊಳ್ಳಿ. ಆಗ ನಾಲ್ಕೂ ಒಂದೇ ಬಿಸಿಯಲ್ಲಿರುತ್ತವೆ, ಯಾವುದು ಎಷ್ಟು ಆಚೀಚೆ ಇದೆಯೋ ಅದನ್ನು ಕೋಡ್‌ನಲ್ಲಿ ಕಳೆದುಬಿಡಿ. ಇದಕ್ಕೆ ಮಾತ್ರ 12 ಬಿಟ್ ಇಟ್ಟುಕೊಳ್ಳಿ. ಹೊರಹೋಗುವ ಗಾಳಿಯ ಸೆನ್ಸರ್ ಬೇಕಾದರೆ ಬಿಡಿ, ಅದರ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ, ಗಾಳಿ ಎಲ್ಲ ಕಡೆ ಒಂದೇ ಸಮ ಹೊರಗೆ ಹೋಗುವುದಿಲ್ಲ.